ಜೀರುಂಡೆ ರುಬ್ಬಿದ ಚಟ್ನಿ

ಗಂಗೂ ಆ ಬೆಳಿಗ್ಗೆ ಕೆಲಸಕ್ಕೆ ಬರುವಾಗ ರುಬ್ಬುವ ಗುಂಡನ್ನು ಮಗುವಿನ ಹಾಗೆ ಸೊಂಟದ ಮೇಲೆ ಹೊತ್ತು ತಂದಳು. ಮಲ್ಲಾಪುರದಿಂದ ಆಚೆ, ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಕಾರವಾರದ ಗಿರಿಧರ ಕಟ್ಟಿಸಿದ ಮಣ್ಣುಗೋಡೆಯ ಗುಡಿಸಲಿಗೆ ಅವಳೇ ಅಡುಗೆಯವಳು. ಮನೆಯಲ್ಲಿ ಎಲ್ಲ ಇದ್ದವರು ದುಡ್ಡು ಕೊಟ್ಟು ಅಲ್ಲಿಗೆ ಬಂದು ಚಿಮಣಿ ದೀಪದಲ್ಲಿ ಇದ್ದು ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ನೀರು ಇಳಿದು ಕೆಸರಿನಿಂದ ಒಂದು ಒರಳು ಎದ್ದಿತ್ತು. ಗಂಗೂ ನೋಡಿ ಗುರುತು ಹಿಡಿಯುವುದರೊಳಗೆ ಗಿರಿಧರ ಅದರ ಪಕ್ಕ ಹಲಗೆ ನೆಟ್ಟಾಗಿತ್ತು: 'ಐನೂರು ವರ್ಷದ ಪುರಾತನ ಕಲ್ಲು. ಮುಟ್ಟಬಾರದು.'

"ಒಡ್ಯಾ, ಅದು ನಮ್ಮನೆ ಒರಳು. ಊರು ಮುಳುಗೂ ಮುಂಚೆ ಲಾರಿಯವ ಒರಳು ಹತ್ತಿಸೂಕೆ ಒಪ್ಪಲಿಲ್ಲ. ಗುಂಡೊಂದೇ ತಂದೆ. ಮೂವತ್ತು ವರ್ಷ ಬಾಗಿಲಿಗೆ ಒತ್ತು ಇಟ್ಕಂಡಿದ್ದೆ. ಮಳೆ ಬಿದ್ರೆ ಮತ್ತೆ ಮುಳುಗ್ತದೆ. ಈಗ ತಕಂಡು ಹೋಗ್ತೆ."

"ನಿಮ್ಮನೇದು ಅಂದ್ರೆ ಬಂದವ್ರು ನೋಡ್ತಾರಾ ಮಾರಾಯ್ತಿ? ಈ ಜಾಗದಲ್ಲಿ ಹಿಂದೆ ಮನುಷ್ಯರೇ ಇರಲಿಲ್ಲ ಅಂತ ಎಲ್ರಿಗೂ ಹೇಳಿದ್ದೇನೆ."

"ಹಾಗಾರೆ ಐನೂರು ವರ್ಷದ ಹಿಂದೆ ರುಬ್ಬಿದ್ದು ಯಾರು, ಮಂಗನಾ?"

"ಹೋಗು, ದೋಸೆಗೆ ಚಟ್ನಿ ಮಾಡು," ಎಂದ ಗಿರಿಧರ.

ಚಟ್ನಿ ಕಲ್ಲಿನಲ್ಲೇ ರುಬ್ಬಿದ್ದು ಎಂದು ಬಂದವರಿಗೆಲ್ಲ ಅವನ ಭರವಸೆ. ಕರೆಂಟೇ ಇಲ್ಲವೆಂದು ಅವನು ಹೇಳುವ ಆ ಗುಡಿಸಲಿನ ಹಿಂದೆ, ಗೋಣಿಚೀಲದ ಅಡಿಯಲ್ಲಿ, ಒಂದು ಇನ್ವರ್ಟರು, ಒಂದು ಮಿಕ್ಸರು. ಗಂಗೂ ಮಿಕ್ಸರ್ ಹಾಕಿದ ಕೂಡಲೇ ಹುಬ್ಬಳ್ಳಿಯಿಂದ ಬಂದು ಉಳಿದಿದ್ದ ನೀತಾ ಜಗಲಿಯಲ್ಲಿ ಎದ್ದು ನಿಂತಳು.

"ಏನ್ರಿ ಅದು?"

"ಜೀರುಂಡೆ, ಮೇಡಂ. ನಮ್ಮ ಕಾಡಿಂದು ಸ್ವಲ್ಪ ಜೋರು," ಎಂದ ಗಿರಿಧರ.

ನೀತಾ ಕಣ್ಣು ಮುಚ್ಚಿ ಕೇಳಿದಳು. ಜೀರುಂಡೆ ಮೂರು ಸಲ ಕೂಗಿ ನಿಂತಿತು. ಚಟ್ನಿ ಬಂತು.

"ಈ ರುಚಿ ಮಿಕ್ಸರಿಗೆ ಎಲ್ಲಿಂದ ಬರಬೇಕ್ರಿ," ಎಂದು ಅವಳು ಬೆರಳು ನೆಕ್ಕಿದಳು. "ರುಬ್ಬೋದನ್ನ ಒಮ್ಮೆ ತೋರಸ್ರಿ, ವಿಡಿಯೋ ಮಾಡ್ಕೋತೇನಿ."

ಚಹಾ ಬಗ್ಗಿಸುತ್ತಿದ್ದ ಗಿರಿಧರ, ಲೋಟ ತುಂಬಿ ಹರಿದರೂ ಬಗ್ಗಿಸುತ್ತಲೇ ಇದ್ದ. ಗಂಗೂ ಗುಂಡು ಎತ್ತಿಕೊಂಡು, ಕಾಯಿತುರಿಯ ತಟ್ಟೆ ಹಿಡಿದು, ನೀರಿನ ಕಡೆ ಇಳಿದಳು. ಉಳಿದಿಬ್ಬರೂ ಹಿಂದೆಯೇ ಬಂದರು.

ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒರಳಿನ ಕೆಸರು ತೊಳೆದಳು. ಗುಂಡು ಕುಳಿಯೊಳಗೆ ಇಳಿಯಿತು. ಒಂದು ಸುತ್ತು ತಿರುವಿದರೆ ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಅಲ್ಲಾಡಲಿಲ್ಲ. ಅಂಚು ಮುಕ್ಕಾಗಿದ್ದ ಜಾಗಕ್ಕೆ ಎಡಗೈಯ ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತು. ಅವಳು ತಲೆ ಎತ್ತಿ ಗಿರಿಧರನನ್ನು ನೋಡಿದಳು.

"ಅಮ್ಮಾ, ಸ್ವಲ್ಪ ಆ ಕಡೆ ಸರೀರಿ," ಎಂದಳು ನೀತಾ, "ಬೋರ್ಡು ಮರೆ ಆಗೇದ."

ವಿಡಿಯೋ ಮುಗಿಸಿ ನೀತಾ ಮೇಲೆ ಹೋದಳು. ಗಿರಿಧರ ಮೆಲ್ಲಗೆ ಹತ್ತಿರ ಬಂದ. ಮುಖ ಅರಳಿತ್ತು.

"ಗಂಗೂ, ಆ ಗುಂಡನ್ನೂ ಇಲ್ಲೇ ಬಿಡು. ಜೋಡಿ ಸಿಕ್ಕಿದೆ ಅಂದ್ರೆ ಸಾವಿರ ವರ್ಷ ಅಂತ ಬರೀಬಹುದು."

ಗಂಗೂ ಗುಂಡನ್ನು ಸೆರಗಿನಿಂದ ಒರೆಸಿದಳು, ಸೊಂಟಕ್ಕೇರಿಸಿ ಮನೆಯ ದಾರಿ ಹಿಡಿದಳು.

"ಹೋಯ್, ನಾಳೆ ಅವ್ರ ಮುಂದೆ ಚಟ್ನಿ ಯಾರು ರುಬ್ಬೋದು?"

"ಜೀರುಂಡೆ ಅದ್ಯಲ್ಲ, ಒಡ್ಯಾ," ಅವಳು ತಿರುಗಿ ನೋಡಲಿಲ್ಲ, "ಅದ್ಕೇ ಹೇಳಿ."