ಬೆಚ್ಚದ ಮಗಳು

ಚಿತ್ರಮಂದಿರಗಳಲ್ಲಿ ಈಗ ಯಾರೂ ವಯಸ್ಸು ಕೇಳುವುದಿಲ್ಲ. ಬಾಗಿಲಲ್ಲಿರುವ ಯಂತ್ರದ ಮೇಲೆ ಕೈಯಿಟ್ಟರೆ ಅದು ಒಂದು ಹೊಡೆದಾಟದ ದೃಶ್ಯ ತೋರಿಸಿ ಎದೆಬಡಿತ ನೋಡುತ್ತದೆ. ಬೆಚ್ಚಿದವರಿಗೆ ಮಕ್ಕಳ ಸಿನಿಮಾ ಮಾತ್ರ. ಬೆಚ್ಚದವರು ಯಾವುದಕ್ಕಾದರೂ ಹೋಗಬಹುದು.

ಹುಬ್ಬಳ್ಳಿಯ ನೀಲಾಂಬಿಕಾ ತನ್ನ ಏಳು ವರ್ಷದ ಮಗಳು ಶಾಲ್ಮಲಾಳನ್ನು ಆನೆಮರಿಯ ಸಿನಿಮಾಕ್ಕೆ ಕರೆತಂದಿದ್ದಳು. ಯಂತ್ರದ ಪರದೆಯಲ್ಲಿ ಒಬ್ಬನ ತಲೆಯ ಮೇಲೆ ಕೊಡಲಿ ಬಿತ್ತು. ಶಾಲ್ಮಲಾ ಆಕಳಿಸಿದಳು. ಹಸಿರು ದೀಪ ಹೊತ್ತಿತು.

“ಭಾಳ ಗಟ್ಟಿ ಅದಾಳ್ರೀ ನಿಮ್ಮ ಮಗಳು. ದೊಡ್ಡವರ ಸಿನಿಮಾಕ್ಕೂ ಹೋಗಬಹುದು,” ಎಂದ ಬಾಗಿಲು ಕಾಯುವವನು.

“ಆಕಿಗಿನ್ನೂ ಏಳು ವರ್ಷರೀ.”

“ಮಷಿನ್ ಹಸಿರು ಕೊಟ್ಟೈತಲ್ರೀ. ಈಗ ನೀವು ಕೈ ಇಡ್ರಿ.”

ಅದೇ ಕೊಡಲಿಗೆ ನೀಲಾಂಬಿಕಾ ಬೆಚ್ಚಿ ಮುಖ ತಿರುಗಿಸಿದಳು. ಕೆಂಪು ದೀಪ ಹೊತ್ತಿತು. ಸಾಲಿನಲ್ಲಿದ್ದವರು ನಕ್ಕರು.

“ಯಾಕವ್ವಾ ಹೆದರಿದಿ?” ಶಾಲ್ಮಲಾ ನಿಜವಾಗಿಯೂ ತಿಳಿಯದೆ ಕೇಳಿದಳು.

“ಎಷ್ಟು ನೋವಾಗಿರಬೇಕು, ಅದಕ್ಕ.”

“ಯಾರಿಗೆ?”

ನೀಲಾಂಬಿಕಾಳ ಮೈ ಉರಿದುಹೋಯಿತು. ಮಗಳು ಇದುವರೆಗೆ ನೋಡಿದ ಪ್ರತಿಯೊಂದು ಸಿನಿಮಾಕ್ಕೂ ಮುಂಚೆ ಇಂಥದೇ ಒಂದು ಯಂತ್ರ ಅವಳಿಗೆ ಹೊಡೆದಾಟ ತೋರಿಸಿಯೇ ಒಪ್ಪಿಗೆ ಕೊಟ್ಟಿತ್ತು, ತಾನೂ ನಂಬಿ ಒಳಗೆ ಕಳಿಸಿದ್ದಳು. ಅವಳು ಬಗ್ಗಿ ಯಂತ್ರದ ವೈರನ್ನು ಕಿತ್ತೆಸೆದಳು. ಪರದೆ ಕಪ್ಪಾಯಿತು.

“ಏನ್ ಮಾಡಾಕತ್ತೀರಿ ಅಕ್ಕಾರ? ಮಕ್ಕಳ ರಕ್ಷಣಾಕ್ಕಂತ ಇಟ್ಟಿದ್ದರೀ ಇದು,” ಎಂದು ಬಾಗಿಲು ಕಾಯುವವನು ಮುಂದೆ ಬಂದ.

ನೀಲಾಂಬಿಕಾ ಬಾಗಿಲಿಗೆ ಅಡ್ಡವಾಗಿ ನಿಂತಳು.

“ಹಂಗಾರ ನನ್ನ ಮಗಳ ಹೆದರಿಕಿ ಎಲ್ಲಿಟ್ಟೀರಿ, ತಂದು ಕೊಡ್ರಿ. ಅಲ್ಲೀತನಕ ಯಾವ ಕೂಸನ್ನೂ ಒಳಗ ಬಿಡಂಗಿಲ್ಲ ನಾ.”