ಜೇಬಿನಲ್ಲಿಟ್ಟ ಬಿಳಿ ಗುಲಾಬಿ

ಚರ್ಚಿನ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ವರ್ನನ್‌ಗೆ ಪೇಚಾಟಕ್ಕಿಟ್ಟುಕೊಂಡಿತು. ಪ್ರಾರ್ಥನೆಗೆ ಇನ್ನೂ ಕಾಲು ಗಂಟೆ ಇದೆ, ಬಿಳಿ ಗುಲಾಬಿಗಳೆಲ್ಲ ಆಗಲೇ ಖಾಲಿ. ಅವನು ಕೋಟಿನ ಜೇಬನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ. ಒದ್ದೆ ಕಾಗದದಲ್ಲಿ ಸುತ್ತಿದ ಒಂದೇ ಒಂದು ಬಿಳಿ ಹೂವು ಅಲ್ಲಿ ಭದ್ರವಾಗಿತ್ತು. ಅದು ಟೆಸ್‌ಗೆ.

ಜೂನ್ ತಿಂಗಳ ಅಪ್ಪಂದಿರ ದಿನ ಆ ಊರಿನಲ್ಲಿ ಅಪ್ಪ ಇರುವವರು ಎದೆಗೆ ಕೆಂಪು ಗುಲಾಬಿ ಸಿಕ್ಕಿಸಿಕೊಳ್ಳುತ್ತಾರೆ, ಅಪ್ಪನನ್ನು ಕಳೆದುಕೊಂಡವರು ಬಿಳಿಯದನ್ನು. ಹೂವೆಲ್ಲ ವರ್ನನ್‌ನ ಹಿತ್ತಿಲಿನವೇ. ಈ ವರ್ಷ ಹಾಳು ಜೀರುಂಡೆಗಳು ಬಿಳಿ ಗಿಡವನ್ನೇ ಹುಡುಕಿ ಹುಡುಕಿ ಮುಕ್ಕಿದ್ದವು.

ಎಂಬತ್ತರ ಮುದುಕರೊಬ್ಬರು ಬಂದು, ಬಿಳಿ ಹೂವಿಲ್ಲವೆಂದು ತಿಳಿದು, ಪರವಾಗಿಲ್ಲ ಬಿಡಪ್ಪ ಎಂದು ಬರಿಗೈಯಲ್ಲಿ ಒಳಗೆ ಹೋದರು. ಪಕ್ಕದಲ್ಲಿ ಗುಂಡುಸೂಜಿಯ ಡಬ್ಬಿ ಹಿಡಿದು ನಿಂತಿದ್ದ ಹ್ಯಾಟಿಯಮ್ಮನ ಕಣ್ಣು ತಪ್ಪಿಸುವುದುಂಟೇ? ಶುರುಹಚ್ಚಿಕೊಂಡಳು.

“ಜೇಬಲ್ಲಿ ಬಚ್ಚಿಟ್ಕೊಂಡಿದೀಯಲ್ಲೋ. ಕೊಟ್ಟಿದ್ರೆ ನಿನ್ ಗಂಟೇನು ಹೋಗ್ತಿತ್ತು?”

“ಅದು ಟೆಸ್‌ಗೆ ಕಣಮ್ಮ. ಅವಳಿಗೆ ತಪ್ಪಿಸೋಕಾಗಲ್ಲ.”

ಹ್ಯಾಟಿಯಮ್ಮ ಡಬ್ಬಿಯಿಂದ ಒಂದು ಸೂಜಿ ಆರಿಸಿ ಟೆಸ್‌ಗೆಂದು ಬೇರೆಯಿಟ್ಟಳು. ಟೆಸ್‌ಗೆ ಆರು ವರ್ಷವಿದ್ದಾಗ ಅವಳ ಅಪ್ಪ ತೀರಿಕೊಂಡಿದ್ದು ಊರಿಗೇ ಗೊತ್ತು. ಎರಡು ವರ್ಷದ ಮೇಲೆ ಅವಳ ತಾಯಿಯನ್ನು ಮದುವೆಯಾದ ವರ್ನನ್, ಅಲ್ಲಿಂದ ಒಂಬತ್ತು ಜೂನ್ ತಿಂಗಳೂ ಗಿಡದ ಅತಿ ಚೆಂದದ ಬಿಳಿ ಹೂವನ್ನು ಆ ಹುಡುಗಿಗೇ ತೆಗೆದಿಟ್ಟಿದ್ದ. ಮೊಂಡು ಬೆರಳುಗಳಲ್ಲಿ ಜಡೆ ಹೆಣೆಯುವುದನ್ನು ಕಲಿತಿದ್ದ. ಕಾರು ಕಲಿಸುವಾಗ ಮನೆ ಮುಂದಿನ ಅಂಚೆಪೆಟ್ಟಿಗೆ ಅವಳ ಚಕ್ರಕ್ಕೆ ಬಲಿಯಾದರೂ ಒಂದು ಮಾತು ಜೋರಾಗಿ ಆಡಿರಲಿಲ್ಲ. ಅವಳಿಗೆ ಮಾತ್ರ ಅವನು ಇವತ್ತಿಗೂ ವರ್ನನ್. ಅಪ್ಪ ಅಂತ ಒಂದೇ ಒಂದು ಸಲ ಅಂದಾಳೇನೋ ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಕೇಳಿ ಪಡೆಯುವಂಥದ್ದಲ್ಲ ಅದು ಎಂದು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಟೆಸ್ ತಾಯಿಯ ಜೊತೆ ಮೆಟ್ಟಿಲು ಹತ್ತಿ ಬಂದಳು. ವರ್ನನ್ ಜೇಬಿನ ಹೂವನ್ನು ತೆಗೆದು, ಕಾಗದ ಬಿಡಿಸಿ ಕೊಟ್ಟ. ಅವಳು ಅದನ್ನು ಮೂಸಿ, ಹುಷಾರಾಗಿ ಎದೆಗೆ ಸಿಕ್ಕಿಸಿಕೊಂಡಳು. ಅವನಿಗೆ ಅಷ್ಟೇ ಸಾಕಿತ್ತು, ಮುಂದಿನವರತ್ತ ತಿರುಗಿದ. ಟೆಸ್ ಒಳಗೆ ಹೋಗಲಿಲ್ಲ. ಬಗ್ಗಿ ಬಕೆಟ್ಟಿಗೆ ಕೈ ಹಾಕಿ, ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿ, ಕೆಂಪು ಹೂವೊಂದನ್ನು ಆರಿಸಿದಳು.

ಹ್ಯಾಟಿಯಮ್ಮ ಸೂಜಿ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು. “ಅದ್ಯಾಕೆ ಮಗೂ? ಕೆಂಪು ಹೂವು ಅಪ್ಪ ಇರೋರಿಗೆ ಕಣೇ.”

“ಗೊತ್ತು,” ಎಂದು ಟೆಸ್ ಇನ್ನೊಂದು ಸೂಜಿಗೆ ಕೈ ಚಾಚಿದಳು. “ಇದಾರಲ್ಲ, ಬಕೆಟ್ ಹಿಡ್ಕೊಂಡು ನಿಂತಿದಾರೆ.”