ಸೂಜಿಯ ಕೆಳಗೆ ಕೊಬ್ಬರಿ ಚೀಲ

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ತಿಪಟೂರಿನಲ್ಲಿ ಹೊಲಿಗೆ ಯಂತ್ರಗಳನ್ನು ರಿಯಾಯಿತಿ ದರಕ್ಕೆ ಮಾರುವ ಅಂಗಡಿಯಲ್ಲಿ, ಅವ್ವನ ಎಡಗಡೆ, ಮೇಜಿಗೆ ಗಲ್ಲ ತಾಗಿಸಿ ನಾನು ನಿಂತಿದ್ದೆ. ಅವ್ವ ಅಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಯಂತ್ರದಲ್ಲಿ ರವಿಕೆಯ ತುಂಡೊಂದನ್ನು ಹೊಲಿದು ನೋಡಿದಳು. ಹೊಲಿಗೆ ನೇರವಾಗಿ ಬಂತು.

"ಇದೇ ಸಾಕು ಕಣ್ರೀ. ಊರೋರ ರವಿಕೆ ಹೊಲೀತೀನಿ."

"ನಮ್ಮನೆ ಹೆಂಗ್ಸು ಊರೋರ ಮೈ ಅಳೀತಾಳಂತೆ!" ಎಂದ ಅಪ್ಪ, ಹೆಗಲ ಮೇಲಿದ್ದ ಖಾಲಿ ಕೊಬ್ಬರಿ ಚೀಲವನ್ನು ನಾಲ್ಕು ಪದರ ಮಡಿಸಿ ಸೂಜಿಯ ಕೆಳಗೆ ತುರುಕಿದರು. "ಮೊದ್ಲು ಇದನ್ನ ಹೊಲೀಲಿ."

"ಗೋಣಿ ಹೊಲಿಯೋಕಲ್ಲ ಸ್ವಾಮಿ ಇದು!" ಎಂದು ಅಂಗಡಿಯ ಬಷೀರಣ್ಣ ಕೂಗುವಷ್ಟರಲ್ಲಿ ಅಪ್ಪ ಗುಂಡಿ ಒತ್ತಿದರು. ಸೂಜಿ ಮುರಿಯಿತು.

"ನೋಡ್ದ್ಯಾ? ಆಟದ ಸಾಮಾನು. ನಡಿಯೇ."

ಅವ್ವ ರವಿಕೆಯ ತುಂಡನ್ನು ಮಡಿಸಿಕೊಂಡು ಹೊರಟಳು.

ಅದನ್ನು ಕಂಡವರಲ್ಲಿ ಈಗ ಬದುಕಿರುವವರು ನಾನು, ಬಷೀರಣ್ಣ ಮತ್ತು ಅವ್ವ. ಅವ್ವನನ್ನು ಕೇಳಿದರೆ, ಆ ಸೂಜಿಯೇ ಸರಿಯಿರಲಿಲ್ಲ ಎನ್ನುತ್ತಾಳೆ.